ವಿದ್ಯುತ್ ಇಕ್ಕಟ್ಟಾದಲ್ಲಿ ಸುಡುತ್ತದೆ: ಪ್ರಾಣಿಗಳ ಶಸ್ತ್ರಚಿಕಿತ್ಸೆಯಲ್ಲಿ ಎಲೆಕ್ಟ್ರೋಸರ್ಜರಿ

ಪ್ರಯೋಗಾಲಯದ ಒಂದು ಮೌಸ್ (ಸಣ್ಣ ಇಲಿ) 25 ಗ್ರಾಂ ತೂಗುತ್ತದೆ ಎಂದಿಟ್ಟುಕೊಳ್ಳಿ. ಅದರ ಮೈಯಲ್ಲಿರುವ ಒಟ್ಟು ರಕ್ತ ಎರಡು ಮಿಲಿಲೀಟರಿಗಿಂತ ತುಸು ಕಡಿಮೆ. ಮೂರು ನಾಲ್ಕು ಹನಿ ಗಾಜ್ ಬಟ್ಟೆಯ ತುಂಡಿಗೆ ಇಳಿದರೆ ಹತ್ತನೇ ಒಂದು ಪಾಲು ರಕ್ತ ಹೋದ ಹಾಗೆ. 30 ಕಿಲೋ ತೂಗುವ ನಾಯಿಯಲ್ಲಿ ಇದೇ ಪಾಲು ಹೋಗಬೇಕಾದರೆ ಕಾಲು ಲೀಟರ್ ಸೋರಬೇಕು. ಪ್ರಾಣಿ ಚಿಕ್ಕದಾದಷ್ಟೂ ಪ್ರತಿ ಹನಿಗೂ ಬೆಲೆ ಹೆಚ್ಚು. ಕೊಯ್ಯುತ್ತಲೇ ರಕ್ತ ನಿಲ್ಲಿಸುವ ವಿದ್ಯುತ್ ಉಪಕರಣ ಇಲ್ಲಿ ಇಷ್ಟು ಉಪಯುಕ್ತವಾಗಿರುವುದು ಅದಕ್ಕೇ. ಆದರೆ ಅದೇ ಉಪಕರಣ ಚಿಕ್ಕ ಪ್ರಾಣಿಯಲ್ಲೇ ಹೆಚ್ಚು ಅಪಾಯಕಾರಿ. ಎರಡಕ್ಕೂ ಕಾರಣ ಒಂದೇ, ದೇಹದ ಗಾತ್ರ. ಆ ಕಾರಣವನ್ನು ಸರಿಯಾಗಿ ಹಿಡಿದುಕೊಂಡರೆ ಯಂತ್ರದ ಮುಕ್ಕಾಲು ಪಾಲು ನಿಯಮಗಳು ತಾವಾಗಿಯೇ ಅರ್ಥವಾಗುತ್ತವೆ.

ಎರಡು ಯಂತ್ರಗಳಿಗೆ ಒಂದೇ ಹೆಸರು

ಆಪರೇಷನ್ ಕೋಣೆಯಲ್ಲಿ ಎಲ್ಲರೂ 'ಕಾಟರಿ' ಎನ್ನುತ್ತಾರೆ. ಆ ಒಂದು ಪದದೊಳಗೆ ಎರಡು ಬೇರೆ ಬೇರೆ ಸಂಗತಿಗಳು ಅಡಗಿವೆ. ಮೊದಲನೆಯದು ನಿಜವಾದ ಕಾಟರಿ. ಬ್ಯಾಟರಿಯ ವಿದ್ಯುತ್ತು ಒಂದು ಸಣ್ಣ ತಂತಿಯನ್ನು ಕೆಂಪಗೆ ಕಾಯಿಸುತ್ತದೆ, ಕಾದ ತಂತಿ ಅಂಗಾಂಶವನ್ನು ಸುಡುತ್ತದೆ. ವಿದ್ಯುತ್ತು ತಂತಿಯಲ್ಲೇ ಸುತ್ತಿ ವಾಪಸಾಗುತ್ತದೆ, ಪ್ರಾಣಿಯ ಮೈಯೊಳಗೆ ಹೋಗುವುದೇ ಇಲ್ಲ. ಕೈಯಲ್ಲಿ ಹಿಡಿಯುವ, ಪೆನ್ನಿನಂಥ ಬ್ಯಾಟರಿ ಕಾಟರಿಗಳು ಈ ಬಗೆಯವು. ಇವುಗಳಲ್ಲಿ ಹೆಚ್ಚು ಶಾಖದವುಗಳ ತುದಿ ಸುಮಾರು 1,200 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾಯುತ್ತದೆ. ಗಂಡು ಮೌಸ್‌ಗೆ ವಾಸೆಕ್ಟಮಿ ಮಾಡುವಾಗ ವೀರ್ಯನಾಳವನ್ನು ಕುಣಿಕೆಯಂತೆ ಎತ್ತಿ ಹಿಡಿದು, ಎರಡು ಕಡೆ ಸುಟ್ಟು ನಡುವಿನ ತುಂಡನ್ನು ತೆಗೆಯುವ ರೂಢಿ ಇದೆ. ಅಂಥ ಕೆಲಸಕ್ಕೆ ಈ ಸರಳ ಸಾಧನವೇ ಸಾಕು, ಅದೇ ಸುರಕ್ಷಿತವೂ ಹೌದು.

ಎರಡನೆಯದು ಎಲೆಕ್ಟ್ರೋಸರ್ಜರಿ. ಇದನ್ನೇ ಡಯಾಥರ್ಮಿ ಎಂದೂ ಕರೆಯುತ್ತಾರೆ. ಇಲ್ಲಿ ಉಪಕರಣದ ತುದಿ ಕಾಯುವುದಿಲ್ಲ, ವಿದ್ಯುತ್ತೇ ಅಂಗಾಂಶದ ಮೂಲಕ ಹರಿಯುತ್ತದೆ. ಹರಿವಿಗೆ ಅಂಗಾಂಶ ಒಡ್ಡುವ ತಡೆಯಿಂದ ಶಾಖ ಹುಟ್ಟುತ್ತದೆ. ಬೆಂಕಿ ಹೊರಗಿನಿಂದ ಬರುವುದಲ್ಲ, ಜೀವಕೋಶದೊಳಗೇ ಏಳುತ್ತದೆ. ಮುಂದೆ ಹೇಳುವುದೆಲ್ಲ ಈ ಎರಡನೆಯದರ ಬಗ್ಗೆ.

ಶಾಕ್ ಏಕೆ ಹೊಡೆಯುವುದಿಲ್ಲ?

ಗೋಡೆಯ ಸಾಕೆಟ್ಟಿನಲ್ಲಿರುವ ವಿದ್ಯುತ್ತು ಸೆಕೆಂಡಿಗೆ 50 ಅಥವಾ 60 ಬಾರಿ ಅತ್ತ ಹೋಗಿ ಇತ್ತ ಬರುತ್ತದೆ. ಆ ವೇಗಕ್ಕೆ ನರಗಳೂ ಸ್ನಾಯುಗಳೂ ಸ್ಪಂದಿಸುತ್ತವೆ, ಹೃದಯದ ಲಯ ಕೆಡುತ್ತದೆ. ಈ ಓಡಾಟ ಸೆಕೆಂಡಿಗೆ ಒಂದು ಲಕ್ಷ ಬಾರಿ ದಾಟಿದರೆ ನರಕೋಶಕ್ಕೆ ಪ್ರತಿಕ್ರಿಯಿಸುವಷ್ಟು ಸಮಯವೇ ಸಿಗುವುದಿಲ್ಲ. ಅಯಾನುಗಳು ಇದ್ದಲ್ಲೇ ಅತ್ತಿತ್ತ ಅಲುಗಾಡಿ ಬಿಸಿಯಾಗುತ್ತವೆ, ಅಷ್ಟೆ. ಹೆಚ್ಚಿನ ಆವರ್ತನದ ವಿದ್ಯುತ್ತು ಸ್ನಾಯುಗಳನ್ನು ಸೆಟೆಸುವುದಿಲ್ಲ ಎಂಬುದನ್ನು ಫ್ರಾನ್ಸಿನ ಆರ್ಸೆನ್ ದಾರ್ಸೊನ್ವಾಲ್ 1890ರ ದಶಕದ ಆರಂಭದಲ್ಲೇ ತೋರಿಸಿದ್ದರು. 1926ರ ಅಕ್ಟೋಬರ್ 1ರಂದು ಬಾಸ್ಟನ್‌ನಲ್ಲಿ ನರಶಸ್ತ್ರಚಿಕಿತ್ಸಕ ಹಾರ್ವಿ ಕುಶಿಂಗ್ ಅವರು ವಿಲಿಯಂ ಬೋವಿ ರೂಪಿಸಿದ ಜನರೇಟರ್ ಬಳಸಿದ ಮೇಲೆ ಈ ವಿಧಾನ ಬೇರೂರಿತು. ಇಂದಿನ ಸಾಮಾನ್ಯ ಯಂತ್ರಗಳು 300ರಿಂದ 500 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ. ಪಶುವೈದ್ಯರು 'ರೇಡಿಯೋಸರ್ಜರಿ' ಎಂದು ಕರೆಯುವ ಯಂತ್ರಗಳದು ಸುಮಾರು 4 ಮೆಗಾಹರ್ಟ್ಸ್.

ಹೀಗಿದ್ದರೂ ಪೆನ್ಸಿಲ್ (ಯಂತ್ರದ, ಕೈಯಲ್ಲಿ ಹಿಡಿಯುವ ಉಪಕರಣ) ಒತ್ತಿದಾಗ ಕೆಲವೊಮ್ಮೆ ಸ್ನಾಯು ತಟ್ಟನೆ ಕುಣಿಯುವುದುಂಟು. ಕಿಡಿ ಹಾರುವ ಜಾಗದಲ್ಲಿ ವಿದ್ಯುತ್ತಿನ ಒಂದು ಅಂಶ ಕಡಿಮೆ ಆವರ್ತನಕ್ಕೆ ಇಳಿದು ಹತ್ತಿರದ ನರವನ್ನು ಕೆಣಕುತ್ತದೆ. ಅರಿವಳಿಕೆ ಸಾಲದು ಎಂದು ಅವಸರದಲ್ಲಿ ಐಸೋಫ್ಲೂರೇನ್ ಎಂಬ ಅರಿವಳಿಕೆ ಅನಿಲವನ್ನು ಏರಿಸುವ ಮೊದಲು ಈ ಸಾಧ್ಯತೆಯನ್ನು ನೆನೆಯಬೇಕು.

ಶಾಖದ ಲೆಕ್ಕ

ಹೊಳೆ ಅಗಲವಾಗಿ ಹರಿಯುವಲ್ಲಿ ನೀರು ಶಾಂತ, ಬಂಡೆಗಳ ನಡುವೆ ಇಕ್ಕಟ್ಟಾದಲ್ಲಿ ಸೆಳೆತ. ಇಲ್ಲೂ ಹಾಗೆಯೇ. ಯಂತ್ರದಿಂದ ಹೊರಟ ವಿದ್ಯುತ್ತು ಪೆನ್ಸಿಲ್ಲಿನ ತುದಿಯಿಂದ ಪ್ರಾಣಿಯ ಮೈ ಹೊಕ್ಕು, ಮೈಯಡಿ ಇಟ್ಟ ಪೇಷೆಂಟ್ ಪ್ಲೇಟ್ ಮೂಲಕ ಯಂತ್ರಕ್ಕೇ ಹಿಂತಿರುಗುತ್ತದೆ. ಎರಡೂ ಕಡೆ ಹರಿಯುವ ವಿದ್ಯುತ್ತಿನ ಪ್ರಮಾಣ ಒಂದೇ. ಆದರೂ ತುದಿ ಸುಡುತ್ತದೆ, ಪ್ಲೇಟ್ ಸುಡುವುದಿಲ್ಲ. ಏಕೆಂದರೆ ಶಾಖವನ್ನು ನಿರ್ಧರಿಸುವುದು ವಿದ್ಯುತ್ತಿನ ಸಾಂದ್ರತೆಯ ವರ್ಗ.

ಲೆಕ್ಕ ಹಾಕಿ ನೋಡೋಣ. ತುದಿ ಮುಟ್ಟುವ ಜಾಗ 2 ಚದರ ಮಿಲಿಮೀಟರ್, ಪ್ಲೇಟಿನ ಸಂಪರ್ಕ 100 ಚದರ ಸೆಂಟಿಮೀಟರ್ ಎಂದುಕೊಂಡರೆ, ತುದಿಯಲ್ಲಿ ಸಾಂದ್ರತೆ 5,000 ಪಟ್ಟು ಹೆಚ್ಚು, ಶಾಖ ಎರಡೂವರೆ ಕೋಟಿ ಪಟ್ಟು ಹೆಚ್ಚು. ಈಗ ಕೂದಲು ಅಡ್ಡ ಬಂದು ಪ್ಲೇಟಿನ ನಿಜವಾದ ಸಂಪರ್ಕ ಒಂದೇ ಚದರ ಸೆಂಟಿಮೀಟರಿಗೆ ಇಳಿಯಿತು ಎನ್ನಿ. ಆ ಒಂದು ಚುಕ್ಕೆಯಲ್ಲಿ ಹುಟ್ಟುವ ಶಾಖ ಮೊದಲಿಗಿಂತ ಹತ್ತು ಸಾವಿರ ಪಟ್ಟಾಗುತ್ತದೆ. ಶಸ್ತ್ರಚಿಕಿತ್ಸಕರ ಕಣ್ಣು ಗಾಯದ ಮೇಲಿರುತ್ತದೆ, ಸುಟ್ಟ ಗಾಯ ಡ್ರೇಪಿನ (ಪ್ರಾಣಿಗೆ ಹೊದಿಸಿದ ಬಟ್ಟೆಯ) ಕೆಳಗೆ ಮೌನವಾಗಿ ಆಗುತ್ತಿರುತ್ತದೆ. ಅರಿವಳಿಕೆಯಲ್ಲಿರುವ ಪ್ರಾಣಿ ಹೇಳುವಂತಿಲ್ಲ.

ಕಟ್, ಕೋಆಗ್ ಎಂಬ ಗುಂಡಿಗಳು

ಅಂಗಾಂಶದ ಉಷ್ಣತೆ 60 ಡಿಗ್ರಿ ತಲುಪಿದರೆ ಪ್ರೋಟೀನುಗಳ ರಚನೆ ಕೆಟ್ಟು ಜೀವಕೋಶ ಸಾಯುತ್ತದೆ. ಅಲ್ಲಿಂದ ಮೇಲೆ 90ರ ಸುಮಾರಿಗೆ ಬರುವಷ್ಟರಲ್ಲಿ ಅಂಗಾಂಶ ಒಣಗಿ, ಬೆಳ್ಳಗಾಗಿ, ಕುಗ್ಗಿ ಹೆಪ್ಪುಗಟ್ಟುತ್ತದೆ. 100 ದಾಟಿದರೆ ಕೋಶದೊಳಗಿನ ನೀರು ಆವಿಯಾಗಿ ಕೋಶ ಸಿಡಿಯುತ್ತದೆ. ಕತ್ತರಿಸುವುದೆಂದರೆ ಇದೇ. 200 ದಾಟಿದರೆ ಉಳಿಯುವುದು ಕಪ್ಪು ಇದ್ದಲು.

'ಕಟ್' ಒತ್ತಿದಾಗ ಯಂತ್ರ ಎಡೆಬಿಡದ ಅಲೆಯನ್ನು ಕಡಿಮೆ ವೋಲ್ಟೇಜಿನಲ್ಲಿ ಕೊಡುತ್ತದೆ. ಶಾಖ ಬೇಗ ಏರುತ್ತದೆ, ಕೋಶಗಳು ಆವಿಯಾಗುತ್ತವೆ, ಪಕ್ಕಕ್ಕೆ ಹರಡುವ ಸುಡುವಿಕೆ ಕಡಿಮೆ. 'ಕೋಆಗ್' (ಕೋಆಗ್ಯುಲೇಷನ್, ಅಂದರೆ ಹೆಪ್ಪುಗಟ್ಟಿಸುವುದು) ಒತ್ತಿದಾಗ ಅಲೆ ತುಂಡು ತುಂಡಾಗಿ ಬರುತ್ತದೆ. ಒಟ್ಟು ಸಮಯದಲ್ಲಿ ನೂರಕ್ಕೆ ಸುಮಾರು 6 ಪಾಲು ಮಾತ್ರ ವಿದ್ಯುತ್ತು ಹರಿಯುತ್ತದೆ, ಉಳಿದದ್ದೆಲ್ಲ ಬಿಡುವು. ಅಷ್ಟೇ ವ್ಯಾಟ್ ತಲುಪಿಸಲು ಯಂತ್ರ ವೋಲ್ಟೇಜನ್ನು ಸಾವಿರಾರಕ್ಕೆ ಏರಿಸಬೇಕಾಗುತ್ತದೆ. 'ಬ್ಲೆಂಡ್' ಇವೆರಡರ ನಡುವಿನದು. ಬ್ಲೆಂಡ್ ಎಂದರೆ ಎರಡು ಅಲೆಗಳ ಮಿಶ್ರಣ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ, ಬಿಡುವಿನ ಪಾಲು ಬದಲಾಗುತ್ತದೆ ಅಷ್ಟೇ.

ಗುಂಡಿಯ ಮೇಲಿನ ಹೆಸರು ದಾರಿ ತಪ್ಪಿಸುವುದು ಇಲ್ಲೇ. ರಕ್ತ ನಿಲ್ಲಿಸಲು ಕೋಆಗ್ ಒತ್ತಬೇಕು ಎಂಬುದು ಎಲ್ಲರ ಅಭ್ಯಾಸ. ಆದರೆ ರಕ್ತನಾಳವನ್ನು ಆರ್ಟರಿ ಫೋರ್ಸೆಪ್ಸಿನಲ್ಲಿ ಹಿಡಿದು, ಅದಕ್ಕೆ ಪೆನ್ಸಿಲ್ ಮುಟ್ಟಿಸಿ ಬೇಯಿಸುವಾಗ ಕಟ್ ಅಲೆಯೇ ಉತ್ತಮ. ಲೋಹ ಅಂಗಾಂಶಕ್ಕೆ ಪೂರ್ತಿ ಅಂಟಿರುವುದರಿಂದ ಕಿಡಿ ಹಾರಲು ಎಡೆಯಿಲ್ಲ, ಹಾಗಾಗಿ ಅದು ಕತ್ತರಿಸುವುದಿಲ್ಲ. ಕಡಿಮೆ ವೋಲ್ಟೇಜಿನಲ್ಲಿ ನಾಳ ಆಳದವರೆಗೆ ನಿಧಾನವಾಗಿ ಒಣಗುತ್ತದೆ. ಕೋಆಗ್ ಆದರೆ ಮೇಲ್ಮೈ ಬೇಗ ಕರಕಲಾಗಿ, ಆ ಕರಕಲೇ ತಡೆಯಾಗಿ, ಒಳಗಿನ ನಾಳ ಹಸಿಯಾಗಿ ಉಳಿಯುತ್ತದೆ. ಜೊತೆಗೆ ಹೆಚ್ಚಿನ ವೋಲ್ಟೇಜು ಕೈಗವಸಿನ ಸೂಕ್ಷ್ಮ ತೂತಿನಿಂದ ಹಿಡಿದವರ ಬೆರಳನ್ನೇ ಸುಡಬಹುದು. ಪಿತ್ತಜನಕಾಂಗದ ಮೇಲ್ಮೈಯಂತೆ ಅಗಲವಾಗಿ ಒಸರುವ ಜಾಗಕ್ಕೆ, ತುದಿಯನ್ನು ಮುಟ್ಟಿಸದೆ ತುಸು ಮೇಲೆ ಹಿಡಿದು ಕಿಡಿ ಸುರಿಸುವಾಗ ಮಾತ್ರ ಕೋಆಗ್‌ಗೆ ಸಾಟಿಯಿಲ್ಲ.

ಕೂದಲಿರುವ ಮೈಗೆ ಪ್ಲೇಟ್ ಹಾಕುವುದು

ಮನುಷ್ಯರಿಗೆ ತಯಾರಾದ ಅಂಟುವ ಪ್ಲೇಟ್ ನುಣುಪು ಚರ್ಮವನ್ನು ನಂಬಿ ಮಾಡಿದ್ದು. ನಾಯಿ, ಬೆಕ್ಕು, ಮೊಲ, ಕುರಿಗಳ ಮೈಮೇಲೆ ಅದನ್ನು ಹಾಗೇ ಅಂಟಿಸಿದರೆ ಅದು ಮುಟ್ಟುವುದು ಕೂದಲನ್ನು, ಕೂದಲು ವಿದ್ಯುತ್ ಹರಿಸುವುದಿಲ್ಲ. ಕ್ಲಿಪ್ಪರ್ ಹೊಡೆದ ಮೇಲೂ ಉಳಿಯುವ ಒಂದು ಮಿಲಿಮೀಟರ್ ಮೋಟು ಕೂದಲು ಅಂಟನ್ನು ಎತ್ತಿ ಹಿಡಿಯುತ್ತದೆ. ಮಾಡಬೇಕಾದದ್ದು ಇಷ್ಟು: ತೊಡೆ, ಬೆನ್ನು, ಭುಜ ಹೀಗೆ ಸ್ನಾಯು ತುಂಬಿದ, ಸಮತಟ್ಟಾದ ಜಾಗ ಆರಿಸಿ. ಸಣ್ಣ ಬ್ಲೇಡಿನಿಂದ ಚರ್ಮದ ಮಟ್ಟಕ್ಕೆ ಕೂದಲು ತೆಗೆಯಿರಿ, ಸೋಪಿನ ಜಿಡ್ಡು ಉಳಿಯದಂತೆ ಒರೆಸಿ ಒಣಗಿಸಿ, ಆಮೇಲೆ ಅಂಟಿಸಿ. ಮೂಳೆ ಉಬ್ಬಿರುವ ಜಾಗ, ಹಳೆಯ ಗಾಯದ ಕಲೆ, ಮೂಳೆಗೆ ಹಾಕಿದ ಲೋಹದ ಪ್ಲೇಟಿನ ಮೇಲಿನ ಚರ್ಮ ಬೇಡ. ದಪ್ಪ ಕೊಬ್ಬಿನ ಪದರವೂ ಒಳ್ಳೆಯದಲ್ಲ. ಕೊಬ್ಬಿನ ತಡೆ ಸ್ನಾಯುವಿಗಿಂತ ಹತ್ತು ಪಟ್ಟಿಗೂ ಹೆಚ್ಚು. ಪ್ರಯೋಗಾಲಯದ ಹಂದಿಗಳಲ್ಲಿ ಪ್ಲೇಟಿನ ಜಾಗ ಹುಡುಕುವುದು ಕಷ್ಟವಾಗುವುದು ಇದರಿಂದಲೇ.

ಕೊಯ್ಯುವ ಜಾಗಕ್ಕೆ ಪ್ಲೇಟ್ ಹತ್ತಿರವಿರಲಿ, ಅದರ ಉದ್ದದ ಅಂಚು ಗಾಯದ ಕಡೆಗೆ ಮುಖ ಮಾಡಿರಲಿ. ವಿದ್ಯುತ್ತು ಮೊದಲು ತಲುಪುವುದು ಆ ಅಂಚನ್ನು, ಸಾಂದ್ರತೆ ಅಲ್ಲೇ ಹೆಚ್ಚು. ಗಾಯದಿಂದ ಪ್ಲೇಟಿಗೆ ಮನಸ್ಸಿನಲ್ಲೇ ಒಂದು ಗೆರೆ ಎಳೆಯಿರಿ. ಆ ಗೆರೆ ಹೃದಯವನ್ನು ಹಾಯಬಾರದು. ಹಂದಿಯ ಹೃದಯ ಲಯ ತಪ್ಪುವುದರಲ್ಲಿ ಕುಖ್ಯಾತ, ಆದ್ದರಿಂದ ಅಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಮೈಯಡಿ ಇಡುವ ಗಟ್ಟಿ ಲೋಹದ ಪ್ಲೇಟ್ ಬಳಸುವ ಕಡೆ ಜೆಲ್ ಬೇಕೇ ಬೇಕು. ಉಪ್ಪಿನಂಶವಿರುವ ಇಸಿಜಿ ಜೆಲ್ ಸರಿಯಾದದ್ದು. ಅಲ್ಟ್ರಾಸೌಂಡ್ ಜೆಲ್ ಶಬ್ದದ ಅಲೆಗಾಗಿ ಮಾಡಿದ್ದು, ವಿದ್ಯುತ್ ಹರಿಸುವ ಭರವಸೆ ಅದಕ್ಕಿಲ್ಲ. ಸಲೈನಿನಲ್ಲಿ ಅದ್ದಿದ ಗಾಜ್ ಹಾಸುವುದೂ ರೂಢಿಯಲ್ಲಿದೆ. ಆರಂಭದಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಎರಡು ಗಂಟೆಯ ಆಪರೇಷನ್ನಿನಲ್ಲಿ, ಕೆಳಗೆ ಹೀಟಿಂಗ್ ಪ್ಯಾಡ್ ಬೇರೆ ಇದ್ದರೆ, ಅಂಚಿನಿಂದ ಒಣಗುತ್ತಾ ಬಂದು ನಡುವೆ ಅಂಗೈಯಗಲ ಹಸಿ ಉಳಿಯುತ್ತದೆ. ವಿದ್ಯುತ್ತೆಲ್ಲ ಆ ಅಂಗೈಯಗಲದಲ್ಲಿ ನುಗ್ಗುತ್ತದೆ. ಪ್ರಾಣಿಯ ಭಂಗಿ ಬದಲಿಸಿದಾಗಲೆಲ್ಲ ಡ್ರೇಪಿನಡಿ ಕೈ ಹಾಕಿ ಪ್ಲೇಟ್ ನೋಡುವುದು ಒಬ್ಬರ ಹೊಣೆಯಾಗಿರಬೇಕು.

ಎರಡು ಭಾಗವಾದ ಪ್ಲೇಟ್ ಹಾಕಿದಾಗ ಆಧುನಿಕ ಯಂತ್ರಗಳು ಆ ಭಾಗಗಳ ನಡುವಿನ ತಡೆಯನ್ನು ಅಳೆಯುತ್ತಾ, ಸಂಪರ್ಕ ಕಳಚಿದರೆ ಗಂಟೆ ಹೊಡೆದು ನಿಂತುಬಿಡುತ್ತವೆ. ಈ ಗಂಟೆ ಪದೇ ಪದೇ ಹೊಡೆಯುತ್ತದೆಂದು ಬೇಸತ್ತು, ಭಾಗವಾಗಿರದ ಒಂದೇ ತುಂಡಿನ ಪ್ಲೇಟ್ ಹಾಕಿಕೊಳ್ಳುವವರಿದ್ದಾರೆ. ಅದು ಕಾವಲುಗಾರನನ್ನು ಮನೆಗೆ ಕಳುಹಿಸಿದ ಹಾಗೆ. ಗಂಟೆ ಹೊಡೆದರೆ ತಪ್ಪಿರುವುದು ಚರ್ಮದ ತಯಾರಿಯಲ್ಲಿ.

4 ಮೆಗಾಹರ್ಟ್ಸ್ ಯಂತ್ರಗಳ ಪ್ಲೇಟ್ ಆಂಟೆನಾದಂತೆ ಕೆಲಸ ಮಾಡುತ್ತದೆ, ಚರ್ಮಕ್ಕೆ ನೇರವಾಗಿ ತಾಗಬೇಕಿಲ್ಲ. ಇಡೀ ಮೈ ಮಲಗುವಷ್ಟು ದೊಡ್ಡದಾದ, ಕೂದಲು ತೆಗೆಯದೆಯೇ ಬಳಸುವ ಮೆತ್ತೆಯಂಥ ಪ್ಯಾಡುಗಳೂ ಇವೆ. ಅವುಗಳಿಗೆ ತಯಾರಕರು ದೇಹತೂಕದ ಮಿತಿ ಕೊಟ್ಟಿರುತ್ತಾರೆ. ಬೆಕ್ಕಿನ ಮರಿಯನ್ನು ವಯಸ್ಕರ ಪ್ಯಾಡಿನ ಮೇಲೆ ಮಲಗಿಸಿದರೆ ಮೈ ಮುಚ್ಚುವ ಜಾಗ ಸಾಲದೆ ಯಂತ್ರದ ಬಲ ಕುಂದುತ್ತದೆ.

ದೇಹವೇ ಇಕ್ಕಟ್ಟಾದಾಗ

ಪೆನ್ಸಿಲ್ಲಿನಿಂದ ಪ್ಲೇಟಿಗೆ ವಿದ್ಯುತ್ತು ಹರಿಸುವ ಈ ಬಗೆಗೆ ಮೊನೊಪೋಲಾರ್ ಎಂದು ಹೆಸರು. ಅದರ ಬಳಕೆಯ ಬಹುದೊಡ್ಡ ತಪ್ಪು ಇಲ್ಲಿ ಆಗುತ್ತದೆ. ತುದಿ ಇರುವ ಜಾಗಕ್ಕೂ ಪ್ಲೇಟಿಗೂ ನಡುವೆ ಎಲ್ಲಾದರೂ ದೇಹ ಸಣ್ಣದಾಗಿದ್ದರೆ ವಿದ್ಯುತ್ತು ಅಲ್ಲಿ ಒತ್ತೊತ್ತಾಗಿ ಹಾಯಬೇಕು. ವೃಷಣವನ್ನು ಹೊರಗೆಳೆದು ಹಿಡಿದು ಅದರ ಮೇಲೆ ಪೆನ್ಸಿಲ್ ಒತ್ತಿದರೆ ಸುಡುವುದು ಪೆನ್ಸಿಲ್ಲಿನ ತುದಿಯಷ್ಟೇ ಅಲ್ಲ. ವಾಪಸಾಗಲು ಇರುವ ಒಂದೇ ದಾರಿ ವೃಷಣದ ಹುರಿ. ಅದು ಬಳ್ಳಿಯಷ್ಟು ಸಣ್ಣ. ಹೊಟ್ಟೆಯೊಳಗೆ ಕಾಣದ ಭಾಗದವರೆಗೂ ಅದು ಬೇಯಬಹುದು. ಬಾಲ, ಕಾಲ್ಬೆರಳು, ಕಿವಿಯ ತುದಿ, ಶಿಶ್ನ, ಕೆಚ್ಚಲಿನ ತೊಟ್ಟು, ತೊಟ್ಟಿನಂತೆ ಜೋಲುವ ಗಡ್ಡೆ, ಎಲ್ಲದರದ್ದೂ ಇದೇ ಕಥೆ. ರ‍್ಯಾಟ್ (ದೊಡ್ಡ ಇಲಿ) ಅಥವಾ ಮೌಸ್ ಅಂಡಾಶಯವನ್ನು ಪಕ್ಕೆಯ ಸೀಳಿನಿಂದ ಹೊರಗೆಳೆದಾಗ ಅದನ್ನು ಹಿಡಿದಿರುವ ಎಳೆ ಒಂದೆರಡು ಮಿಲಿಮೀಟರ್ ದಪ್ಪ. ಅಲ್ಲಿ ಮೊನೊಪೋಲಾರ್ ಮುಟ್ಟಿಸಿದರೆ ಗರ್ಭಕೋಶದ ಕೊಂಬು ಬಿಳಿಚಿಕೊಂಡು ಸಾಯುತ್ತದೆ. ಮೌಸ್‌ನ ವಿಷಯದಲ್ಲಂತೂ ಇಡೀ ದೇಹವೇ ಇಕ್ಕಟ್ಟು. ಇವೆಲ್ಲಕ್ಕೂ ಬೈಪೋಲಾರ್ ಬಳಸಿ.

ಬೈಪೋಲಾರಿನಲ್ಲಿ ಫೋರ್ಸೆಪ್ಸಿನ ಎರಡು ತುದಿಗಳೇ ಎರಡು ಧ್ರುವಗಳು. ನಡುವೆ ಸಿಕ್ಕ ಅಂಗಾಂಶದಲ್ಲಷ್ಟೇ ವಿದ್ಯುತ್ತು ಹರಿಯುತ್ತದೆ. ಪ್ಲೇಟ್ ಬೇಡ, ಕೂದಲಿನ ಚಿಂತೆ ಇಲ್ಲ, ದೂರದ ಸುಟ್ಟಗಾಯವಿಲ್ಲ, ಬೇಕಾಗುವ ವೋಲ್ಟೇಜೂ ಕಡಿಮೆ. ಸುಮಾರು 2 ಮಿಲಿಮೀಟರ್‌ವರೆಗಿನ ನಾಳಗಳನ್ನು ಇದು ಮುಚ್ಚುತ್ತದೆ. ಬಳಸುವ ಕೈಗೆ ಮಾತ್ರ ಸ್ವಲ್ಪ ಪಳಗಬೇಕು. ತುದಿಗಳನ್ನು ಬಿಗಿಯಾಗಿ ಹಿಸುಕಿ ಒಂದಕ್ಕೊಂದು ತಾಗಿಸಿದರೆ ವಿದ್ಯುತ್ತು ಲೋಹದಿಂದ ಲೋಹಕ್ಕೆ ಹರಿದುಹೋಗಿ ಅಂಗಾಂಶಕ್ಕೆ ಏನೂ ಆಗುವುದಿಲ್ಲ. ಕೂದಲೆಳೆಯಷ್ಟು ಸಂದು ಬಿಡಬೇಕು. ಕಾಲು ಸ್ವಿಚ್ಚನ್ನು ಒಂದೇ ಸಮ ಒತ್ತಿ ಹಿಡಿಯದೆ, ಅರ್ಧ ಅರ್ಧ ಸೆಕೆಂಡ್ ತಟ್ಟುತ್ತಾ, ಅಂಗಾಂಶ ಬಿಳಿಚಿ ಕುಗ್ಗಿದೊಡನೆ ಬಿಡಬೇಕು. ಗುಳ್ಳೆ ಎದ್ದು ಚಟಪಟ ಸದ್ದು ಬಂದರೆ ತಡವಾಯಿತು, ತುದಿಗೆ ಅಂಟಿಕೊಂಡಿರುತ್ತದೆ, ಬಿಡಿಸುವಾಗ ನಾಳ ಮತ್ತೆ ಹರಿಯುತ್ತದೆ. ಸಲೈನ್ ಒಂದು ಹನಿ ಬಿಟ್ಟರೆ ಅಂಟುವುದು ಕಡಿಮೆಯಾಗುತ್ತದೆ.

ದೊಡ್ಡ ನಾಳಗಳಿಗೆ ವೆಸೆಲ್ ಸೀಲಿಂಗ್ ಸಾಧನಗಳಿವೆ. ಇವೂ ಬೈಪೋಲಾರೇ. ಆದರೆ ದವಡೆಯಂಥ ಹಿಡಿತದ ಒತ್ತಡವೂ, ಅಂಗಾಂಶದ ತಡೆಯನ್ನು ಅಳೆಯುತ್ತಾ ತಾನೇ ನಿಲ್ಲುವ ವ್ಯವಸ್ಥೆಯೂ ಸೇರಿವೆ. ನಾಳದ ಗೋಡೆಯ ಕೊಲಾಜನ್ ಮತ್ತು ಎಲಾಸ್ಟಿನ್ ಕರಗಿ ಬೆಸೆದುಕೊಳ್ಳುತ್ತವೆ. 7 ಮಿಲಿಮೀಟರ್‌ವರೆಗಿನ ನಾಳಗಳಿಗೆ ಇವು ಒಪ್ಪಿತ. ನಾಯಿಯ ಗುಲ್ಮ ತೆಗೆಯುವಾಗ, ಲ್ಯಾಪರೋಸ್ಕೋಪಿಯಲ್ಲಿ ಅಂಡಾಶಯ ತೆಗೆಯುವಾಗ ಹತ್ತಾರು ಗಂಟುಗಳ ಕೆಲಸ ಇವುಗಳಿಂದ ಉಳಿಯುತ್ತದೆ. ನಾಳವನ್ನು ಎಳೆದು ಹಿಡಿದುಕೊಂಡು ಸೀಲ್ ಮಾಡಬಾರದು, ಬೆಸುಗೆ ತೆಳುವಾಗುತ್ತದೆ.

ಕೈಕೆಲಸ

ಚರ್ಮವನ್ನು ಸ್ಕಾಲ್ಪೆಲ್ಲಿನಿಂದಲೇ ಕೊಯ್ಯಿರಿ. ಕಟ್ ಮೋಡಿನಲ್ಲೂ ಚರ್ಮದ ಅಂಚು ಕೊಂಚ ಬೆಂದು ಮಾಯುವುದು ನಿಧಾನವಾಗುತ್ತದೆ. ರ‍್ಯಾಟ್ ಮತ್ತು ಮೊಲಗಳ ತೆಳು ಚರ್ಮದಲ್ಲಿ ಇದು ಎದ್ದು ಕಾಣುತ್ತದೆ. ಚರ್ಮದಡಿಯ ಪದರ, ಸ್ನಾಯು, ಗಡ್ಡೆಯ ಸುತ್ತಲಿನ ಬಿಡಿಸುವಿಕೆಗೆ ಪೆನ್ಸಿಲ್ ಬರಲಿ.

ವ್ಯಾಟ್ ಎಷ್ಟು? ಯಂತ್ರದಿಂದ ಯಂತ್ರಕ್ಕೆ ಬೇರೆಯಾಗುವುದರಿಂದ ಇವು ಆರಂಭದ ಅಂಕಿಗಳು ಮಾತ್ರ: ಮಧ್ಯಮ ಗಾತ್ರದ ನಾಯಿಗೆ ಮೊನೊಪೋಲಾರ್ 20ರಿಂದ 30, ಬೆಕ್ಕಿಗೆ 10ರಿಂದ 15, ನಾಯಿ ಬೆಕ್ಕುಗಳಿಗೆ ಬೈಪೋಲಾರ್ 10ರ ಸುಮಾರು, ರ‍್ಯಾಟ್ ಮೌಸ್‌ಗಳಿಗೆ ಬೈಪೋಲಾರ್ 5 ಅಥವಾ ಅದಕ್ಕೂ ಕಡಿಮೆ. ತುದಿ ಎಳೆದಂತೆ ಜಗ್ಗದೆ, ಕಿಡಿಯ ಆರ್ಭಟವಿಲ್ಲದೆ ಸಾಗಿದರೆ ವ್ಯಾಟ್ ಸರಿಯಾಗಿದೆ. ಅಂಗಾಂಶ ತುದಿಗೆ ಅಂಟಿ ಜಗ್ಗಿದರೆ ಕಡಿಮೆಯಾಯಿತು, ಕಪ್ಪಾಗಿ ಕಿಡಿ ಸಿಡಿದರೆ ಹೆಚ್ಚಾಯಿತು.

ತುದಿಯನ್ನು ಅಂಗಾಂಶದ ಹತ್ತಿರ ತಂದ ಮೇಲೆ ಗುಂಡಿ ಒತ್ತಿ. ಗಾಳಿಯಲ್ಲಿ ಒತ್ತಿ ಹಿಡಿದು ಬರುವುದು ಬೇಡ. ಸೆಕೆಂಡಿಗೆ ಸುಮಾರು 7 ಮಿಲಿಮೀಟರಿನಂತೆ, ನಿಲ್ಲದೆ ಸಾಗಿ. ನಿಂತಲ್ಲಿ ಶಾಖ ಆಳಕ್ಕಿಳಿಯುತ್ತದೆ. ಅದೇ ಗೆರೆಯಲ್ಲಿ ಮತ್ತೊಮ್ಮೆ ಹಾಯಬೇಕಾದರೆ ಎಂಟು ಹತ್ತು ಸೆಕೆಂಡ್ ಆರಲು ಬಿಡಿ. ರಕ್ತದ ಮಡುವಿನಲ್ಲಿ ಪೆನ್ಸಿಲ್ ಮುಳುಗಿಸಿದರೆ ವಿದ್ಯುತ್ತು ರಕ್ತದಲ್ಲೇ ಹರಡಿಹೋಗುತ್ತದೆ. ಗಾಜ್ ಬಟ್ಟೆಯಿಂದ ಒತ್ತಿ ಒರೆಸಿ, ಚಿಮ್ಮುವ ಬಾಯಿ ಕಂಡ ಕ್ಷಣದಲ್ಲಿ ಮುಟ್ಟಿಸಬೇಕು. ತುದಿಗೆ ಕಟ್ಟಿಕೊಂಡ ಕರಕಲನ್ನು ಒದ್ದೆ ಗಾಜ್ ಬಟ್ಟೆಯಿಂದ ಆಗಾಗ ತೆಗೆಯಿರಿ. ಆ ಕರಕಲು ವಿದ್ಯುತ್ತಿಗೆ ತಡೆ, ಮೇಲಾಗಿ ಕೆಂಡದಂತೆ ಹೊತ್ತಿಕೊಳ್ಳಬಲ್ಲದು.

ಪ್ರಯೋಗಾಲಯದಲ್ಲಿ: ಸುಡುವುದೇ ಪ್ರಯೋಗದ ಭಾಗವಾದಾಗ

ಸಂಶೋಧನೆಯಲ್ಲಿ ಈ ಯಂತ್ರ ಕೆಲವೊಮ್ಮೆ ರಕ್ತ ನಿಲ್ಲಿಸುವ ಸಾಧನವಷ್ಟೇ ಅಲ್ಲ, ರೋಗದ ಮಾದರಿಯನ್ನು ಕಟ್ಟುವ ಸಾಧನವೂ ಹೌದು. 1979ರಲ್ಲಿ ಪಲ್ಸಿನೆಲ್ಲಿ ಮತ್ತು ಬ್ರಿಯರ್ಲಿ ವಿವರಿಸಿದ, ರ‍್ಯಾಟ್ ಮಿದುಳಿಗೆ ನಾಲ್ಕು ನಾಳಗಳ ರಕ್ತ ತಡೆಯುವ ಮಾದರಿಯಲ್ಲಿ, ಮೊದಲ ಕತ್ತಿನ ಮೂಳೆಯ ರಂಧ್ರಗಳ ಮೂಲಕ ಸೂಜಿಯಂಥ ಕಾಟರಿಯನ್ನು ತೂರಿಸಿ ಎರಡೂ ವರ್ಟಿಬ್ರಲ್ ಅಪಧಮನಿಗಳನ್ನು ಶಾಶ್ವತವಾಗಿ ಮುಚ್ಚುತ್ತಾರೆ. ಕರೋಟಿಡ್‌ಗಳನ್ನು (ಕತ್ತಿನ ಮುಂಭಾಗದ ಅಪಧಮನಿಗಳನ್ನು) ಮರುದಿನ ಕ್ಲಿಪ್ಪಿನಿಂದ ತಡೆಯುತ್ತಾರೆ. ಸೂಜಿ ನಾಳವನ್ನು ಪೂರ್ತಿ ಸುಡದಿದ್ದರೆ ಪ್ರಯೋಗ ಅರ್ಧಂಬರ್ಧವಾಗುತ್ತದೆ, ಆಳಕ್ಕೆ ಹೋದರೆ ಮಿದುಳುಬಳ್ಳಿಗೇ ಪೆಟ್ಟು. 1981ರಲ್ಲಿ ಟಮುರಾ ಮತ್ತು ಸಂಗಡಿಗರು ವಿವರಿಸಿದ ಮಾದರಿಯಲ್ಲಿ, ತಲೆಬುರುಡೆಯ ಪಕ್ಕದಲ್ಲಿ ಕಿಂಡಿ ತೆರೆದು ಮಿಡಲ್ ಸೆರೆಬ್ರಲ್ ಅಪಧಮನಿಯನ್ನು ಬೈಪೋಲಾರ್ ಫೋರ್ಸೆಪ್ಸಿನಿಂದ ಬೇಯಿಸಿ ಕತ್ತರಿಸುತ್ತಾರೆ. ಇಲ್ಲಿ ಸಲೈನ್ ಹನಿಸುವುದು ಅಲಂಕಾರವಲ್ಲ. ಅಪಧಮನಿಯ ಅಡಿಯಲ್ಲೇ ಮಿದುಳಿನ ತೊಗಟೆ ಇದೆ. ಶಾಖದಿಂದಾದ ಗಾಯವನ್ನು ರಕ್ತ ಸಿಗದೆ ಆದ ಗಾಯವೆಂದು ಎಣಿಸಿದರೆ ಇಡೀ ಅಧ್ಯಯನ ಹಳಿ ತಪ್ಪುತ್ತದೆ. ನಾಳ ತೆರೆದಿಟ್ಟು, ಸುಡದೆ ಹೊಲಿದ ಹೋಲಿಕೆ ಗುಂಪು ಸಾಲದು. ಸಾಧ್ಯವಿದ್ದಲ್ಲಿ ಪಕ್ಕದ ಜಾಗಕ್ಕೆ ಅಷ್ಟೇ ಶಾಖ ಕೊಟ್ಟ ಗುಂಪೂ ಇರಬೇಕು ಎಂಬುದು ನಮ್ಮ ನಿಲುವು.

ಮಿದುಳಿನ ಒಂದು ಬಿಂದುವನ್ನು ನಾಶಮಾಡುವ ಪ್ರಯೋಗಗಳಲ್ಲೂ ಆಯ್ಕೆ ಮುಖ್ಯ. ಉಕ್ಕಿನ ಎಲೆಕ್ಟ್ರೋಡಿನಿಂದ ನೇರ ವಿದ್ಯುತ್ತು ಹಾಯಿಸಿದರೆ ಲೋಹದ ಅಯಾನುಗಳು ಅಂಗಾಂಶದಲ್ಲಿ ಉಳಿದು ತಾವೇ ಕೆರಳಿಸುತ್ತವೆ. ರೇಡಿಯೋ ಆವರ್ತನದ ಶಾಖದಿಂದ ಮಾಡಿದ ಗಾಯದಲ್ಲಿ ಆ ತೊಂದರೆಯಿಲ್ಲ. ಆದರೆ ಎರಡೂ ಅಲ್ಲಿ ಹಾಯ್ದುಹೋಗುವ ನರತಂತುಗಳನ್ನೂ ಕೊಲ್ಲುತ್ತವೆ ಎಂಬುದನ್ನು ಮರೆಯಬಾರದು.

ಬಯಾಪ್ಸಿಗೆ ಕಳುಹಿಸುವ ತುಂಡನ್ನು ಪೆನ್ಸಿಲ್ಲಿನಿಂದ ತೆಗೆದರೆ ಅಂಚಿನ ಕೋಶಗಳು ಉದ್ದಕ್ಕೆ ಎಳೆದಂತಾಗಿ ಗುರುತು ಸಿಗುವುದಿಲ್ಲ. ಗಡ್ಡೆ ಪೂರ್ತಿ ಹೊರಬಂದಿದೆಯೇ ಎಂಬ ಪ್ರಶ್ನೆಗೆ ರೋಗಶಾಸ್ತ್ರಜ್ಞರು ಆಗ ಉತ್ತರಿಸಲಾರರು. ಸಣ್ಣ ತುಂಡನ್ನು ಸ್ಕಾಲ್ಪೆಲ್ಲಿನಿಂದ ತೆಗೆದು, ಉಳಿದ ಹಾಸಿಗೆಗೆ ಮಾತ್ರ ಶಾಖ ಕೊಡಿ.

ಬೆಂಕಿ, ಹೊಗೆ

ಬೆಂಕಿಗೆ ಬೇಕಾದ ಮೂರೂ ಆಪರೇಷನ್ ಮೇಜಿನ ಮೇಲೇ ಇವೆ: ಕಿಡಿ, ಆಮ್ಲಜನಕ, ಉರಿಯುವ ವಸ್ತು. ಚರ್ಮ ಶುದ್ಧಿಗೆ ಹಚ್ಚಿದ ಆಲ್ಕೋಹಾಲ್ ದ್ರಾವಣ ಕೂದಲಿಲ್ಲದ ಚರ್ಮದ ಮೇಲೆ ಒಣಗಲು ಕನಿಷ್ಠ 3 ನಿಮಿಷ ಬೇಕು. ಕೂದಲಿನಲ್ಲಿ ನೆನೆದಿದ್ದರೆ ಒಂದು ಗಂಟೆಯವರೆಗೂ ಆಗಬಹುದು. ಪ್ರಾಣಿಗಳಲ್ಲಿ ಕೂದಲು ತೆಗೆದ ಜಾಗದ ಸುತ್ತಲೂ ಕೂದಲೇ ಇರುತ್ತದೆ. ದ್ರಾವಣ ಅಲ್ಲಿಗೆ ಹರಿದು, ಡ್ರೇಪಿನಡಿ ಆವಿ ಕೂಡಿರುತ್ತದೆ. ಸುರಿಯದೆ ಒರೆಸಿ ಹಚ್ಚುವುದು, ಮಡುಗಟ್ಟಿದ್ದನ್ನು ತೆಗೆಯುವುದು, ಪೂರ್ತಿ ಒಣಗಿದ ಮೇಲೆಯೇ ಡ್ರೇಪ್ ಹಾಕುವುದು ಬಿಡಲಾಗದ ಹೆಜ್ಜೆಗಳು. ಆಲ್ಕೋಹಾಲ್ ನೀಲಿಯಾಗಿ ಉರಿಯುತ್ತದೆ, ಪ್ರಖರ ದೀಪದಡಿ ಜ್ವಾಲೆ ಕಾಣುವುದಿಲ್ಲ.

ಐಸೋಫ್ಲೂರೇನ್ ಬಳಕೆಯ ಪ್ರಮಾಣದಲ್ಲಿ ಉರಿಯುವುದಿಲ್ಲ, ಈಥರ್ ಎಂಬ ಹಳೆಯ ಅರಿವಳಿಕೆ ಸ್ಫೋಟಿಸುತ್ತದೆ. ಆದರೆ ಐಸೋಫ್ಲೂರೇನನ್ನು ಹೊತ್ತು ತರುವುದು ಸಾಮಾನ್ಯವಾಗಿ ಶುದ್ಧ ಆಮ್ಲಜನಕ. ರ‍್ಯಾಟ್ ಮೂತಿಗೆ ಹಾಕಿದ ಕೋನಿನ ಅಂಚಿನಿಂದ ಅದು ಸೋರುತ್ತದೆ. ತಲೆ, ಕತ್ತಿನ ಶಸ್ತ್ರಚಿಕಿತ್ಸೆಯಲ್ಲಿ ಪೆನ್ಸಿಲ್ಲಿನ ತುದಿ ಅಲ್ಲಿಂದ ಎರಡು ಸೆಂಟಿಮೀಟರ್ ದೂರದಲ್ಲಿರುತ್ತದೆ. ಕೋನ್ ಬಿಗಿಯಾಗಿರಲಿ, ಹೊರಬರುವ ಅನಿಲವನ್ನು ಎಳೆಯುವ ವ್ಯವಸ್ಥೆ ಇರಲಿ. ಪಕ್ಷಿಗಳದ್ದು ಇನ್ನೂ ಬೇರೆ. ಅವುಗಳ ಗಾಳಿಚೀಲಗಳು ಹೊಟ್ಟೆಯ ಕುಹರದಲ್ಲೇ ಹರಡಿವೆ. ಸೀಳಿದೊಡನೆ ಶ್ವಾಸನಾಳಕ್ಕೆ ಬಿಟ್ಟ ಆಮ್ಲಜನಕ ನೇರವಾಗಿ ಗಾಯದೊಳಗೆ ಬರುತ್ತದೆ. ಹಸು, ಕುರಿಗಳ ಮೊದಲ ಹೊಟ್ಟೆಯಾದ ರುಮೆನ್‌ನಲ್ಲಿ ಮೀಥೇನ್ ಇದೆ. ಉಬ್ಬಿದ ಕರುಳನ್ನೋ ರುಮೆನ್ನನ್ನೋ ತೆರೆಯಲು ಪೆನ್ಸಿಲ್ ಎಂದೂ ಬಳಸಬೇಡಿ.

ಹೊಗೆಯಲ್ಲಿ ಬೆಂಜೀನ್, ಫಾರ್ಮಾಲ್ಡಿಹೈಡ್, ಹೈಡ್ರೋಜನ್ ಸಯನೈಡ್, ಇಂಗಾಲದ ಮಾನಾಕ್ಸೈಡ್ ಸೇರಿವೆ. ಕಣಗಳು ಸಾಮಾನ್ಯ ಸರ್ಜಿಕಲ್ ಮಾಸ್ಕ್ ತಡೆಯಲಾರದಷ್ಟು ಸೂಕ್ಷ್ಮ. ಕುದುರೆಯ ಸಾರ್ಕಾಯ್ಡ್ ಗಡ್ಡೆಗಳಂಥ, ವೈರಸ್ ನಂಟಿರುವ ಗಡ್ಡೆಗಳ ಹೊಗೆಯ ಬಗ್ಗೆ ಇನ್ನಷ್ಟು ಎಚ್ಚರ ಬೇಕು. ಹೊಗೆ ಎಳೆಯುವ ನಳಿಕೆ ಗಾಯದಿಂದ 5 ಸೆಂಟಿಮೀಟರ್ ಒಳಗಿದ್ದರೆ ಮಾತ್ರ ಪ್ರಯೋಜನ.

ಬಲ ಸಾಲದು ಅನ್ನಿಸಿದಾಗ

ಇದ್ದಕ್ಕಿದ್ದಂತೆ ಪೆನ್ಸಿಲ್ ಕೊಯ್ಯುವುದನ್ನು ನಿಲ್ಲಿಸುತ್ತದೆ. ಎಲ್ಲರ ಬಾಯಲ್ಲೂ ಬರುವ ಮಾತು "ಸ್ವಲ್ಪ ಜಾಸ್ತಿ ಮಾಡಿ". ಆ ಮಾತಿನಿಂದಲೇ ಎಷ್ಟೋ ಸುಟ್ಟಗಾಯಗಳಾಗಿವೆ. ವ್ಯಾಟ್ ಮುಟ್ಟುವ ಮೊದಲು ಕ್ರಮವಾಗಿ ನೋಡಿ: ತುದಿಗೆ ಕರಕಲು ಕಟ್ಟಿದೆಯೇ, ಗಾಯದಲ್ಲಿ ದ್ರವ ನಿಂತಿದೆಯೇ, ಕೇಬಲ್ ಸಡಿಲವಾಗಿದೆಯೇ, ಪ್ಲೇಟ್ ಎದ್ದಿದೆಯೇ. ನಿನ್ನೆಯವರೆಗೆ 25 ವ್ಯಾಟಿನಲ್ಲಿ ಆಗುತ್ತಿದ್ದ ಕೆಲಸ ಇಂದು 40 ಕೇಳುತ್ತಿದೆ ಎಂದರೆ, ವಿದ್ಯುತ್ತು ಬೇರೆಲ್ಲೋ ದಾರಿ ಹುಡುಕುತ್ತಿದೆ ಎಂದೇ ಅರ್ಥ.

ಆ ಬೇರೆ ದಾರಿಗಳು ಯಾವುವೆಂದರೆ: ಇಸಿಜಿಗೆ ಚುಚ್ಚಿದ ಸೂಜಿ, ಚರ್ಮಕ್ಕೆ ಕಚ್ಚಿಸಿದ ಕ್ಲಿಪ್, ಗುದದ್ವಾರದ ಥರ್ಮಾಮೀಟರ್ ತಂತಿ, ಒದ್ದೆ ಮೈ ತಾಗಿದ ಲೋಹದ ಮೇಜಿನ ಅಂಚು. ಎಲ್ಲವೂ ಸಣ್ಣ ಜಾಗಗಳು, ಹಾಗಾಗಿ ಎಲ್ಲವೂ ಸುಡುವ ಜಾಗಗಳು. ಹಳೆಯ, ಭೂಮಿಗೆ ಜೋಡಿಸಿದ ಯಂತ್ರಗಳಲ್ಲಿ ಈ ಅಪಾಯ ಹೆಚ್ಚು. ಭೂಮಿಯಿಂದ ಬೇರ್ಪಡಿಸಿದ ಈಗಿನ ಯಂತ್ರಗಳಲ್ಲಿ ಕಡಿಮೆ, ಆದರೆ ಸೊನ್ನೆಯಲ್ಲ. ಇಸಿಜಿಗೆ ಸೂಜಿಯ ಬದಲು ಅಂಟುವ ಪ್ಯಾಡ್ ಬಳಸಿ, ಅವನ್ನು ಗಾಯಕ್ಕೂ ಪ್ಲೇಟಿಗೂ ನಡುವಿನ ದಾರಿಯಿಂದ ಆಚೆ ಇಡಿ. ಮೈಯೊಳಗಿಂದ ಅಳತೆಗಳನ್ನು ಕಳುಹಿಸುವ ಟೆಲಿಮೆಟ್ರಿ ಟ್ರಾನ್ಸ್‌ಮಿಟರ್ ಅಥವಾ ಪೇಸ್‌ಮೇಕರ್ ಹೊತ್ತ ಪ್ರಾಣಿಯಲ್ಲಿ ಬೈಪೋಲಾರ್ ಬಿಟ್ಟು ಬೇರೆ ಬೇಡ. ಲ್ಯಾಪರೋಸ್ಕೋಪಿಯ ಉದ್ದನೆ ಉಪಕರಣಗಳ ನಿರೋಧಕ ಕವಚದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಕ್ಯಾಮೆರಾ ಕಾಣದ ಕಡೆ ಕರುಳು ಸುಡುತ್ತದೆ. ಅಂಥ ಗಾಯ ಅಂದೇ ತೋರದೆ, ಕೆಲವು ದಿನ ಕಳೆದು ಕರುಳು ತೂತಾದಾಗ ಗೊತ್ತಾಗುತ್ತದೆ. ಪ್ರತಿ ಬಾರಿ ಆಟೋಕ್ಲೇವ್ ಮಾಡುವ ಮೊದಲು ಕವಚವನ್ನು ಬೆಳಕಿನಡಿ ತಿರುಗಿಸಿ ನೋಡಿ. ಒಮ್ಮೆ ಬಳಸಿ ಬಿಸಾಡಬೇಕಾದ ಪೆನ್ಸಿಲ್ಲನ್ನು ಮತ್ತೆ ಮತ್ತೆ ಕಾಯಿಸಿ ಬಳಸುವಲ್ಲಿ ಮೊದಲು ಬಿರಿಯುವುದೂ ಈ ಕವಚವೇ.

ಹೊಲಿಗೆ ಮುಗಿದ ಮೇಲೆ, ಪ್ರಾಣಿಯನ್ನು ಮೇಜಿನಿಂದ ಎತ್ತುವ ಮೊದಲು, ಪ್ಲೇಟನ್ನು ಅಂಚಿನಿಂದ ಮೆಲ್ಲಗೆ ಬಿಡಿಸಿ ಅಡಿಯ ಚರ್ಮ ನೋಡಿ. ಕೆಂಪು ಚೌಕ, ಬಿಳಿ ಚುಕ್ಕೆ, ಗಟ್ಟಿಯಾದ ಅಂಚು ಕಂಡರೆ ಅಂದೇ ಚಿಕಿತ್ಸೆ ಶುರುವಾಗಲಿ. ದಾಖಲೆಯಲ್ಲಿ ಮೋಡ್, ವ್ಯಾಟ್, ಪ್ಲೇಟ್ ಹಾಕಿದ ಜಾಗ, ತೆಗೆದಾಗಿನ ಚರ್ಮದ ಸ್ಥಿತಿ ಬರೆದಿಡಿ. ಮರುದಿನವೂ ಆ ಜಾಗವನ್ನು ಬೆರಳಿನಿಂದ ತಡವಿ ನೋಡಿ. ಆಳದಲ್ಲಿ ಸುಟ್ಟ ಚರ್ಮ ಮೊದಲ ದಿನ ಮಾಮೂಲಾಗಿಯೇ ಕಾಣಬಹುದು, ಸುತ್ತಲ ಕೂದಲು ಅದನ್ನು ಇನ್ನಷ್ಟು ಮರೆಮಾಡುತ್ತದೆ.